ಹಳೇ ಚೈನ್ ಡೋಜರ್ ಕೊಳ್ಳುವ ಮೊದಲು ಬಗ್ಗಿ ನೋಡಿ

"ಮಾವ, ಒಂದು ಡಿ-50 ಬಂದಿದೆ, ಆರು ಲಕ್ಷ ಹೇಳ್ತಿದಾರೆ. ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ. ತಗೊಂಬಿಡ್ಲಾ?"

ಸಾಗರದ ಹತ್ತಿರ ಗುಡ್ಡದ ಜಾಗ ಮಾಡಿಕೊಂಡಿರುವ ಸೋದರಳಿಯನ ಫೋನು. ಡಿ-50 ಅಂದರೆ ಚೈನ್ ಡೋಜರ್, ಟೈರಿನ ಬದಲು ಕಬ್ಬಿಣದ ಚೈನಿನ ಮೇಲೆ ಓಡುತ್ತ ಮುಂದಿನ ಬ್ಲೇಡಿನಲ್ಲಿ ಮಣ್ಣು ತಳ್ಳುವ ಗಾಡಿ. ಎಂಟು ಎಕರೆ ಇಳಿಜಾರಿಗೆ ಮೆಟ್ಟಿಲಿನಂತೆ ಪಟ್ಟೆ ಹೊಡೆಸಿ ಅಡಿಕೆ ಹಾಕಬೇಕು, ಆಮೇಲೆ ಗಾಡಿಯನ್ನು ಬಾಡಿಗೆಗೂ ಬಿಡಬಹುದು ಎಂಬುದು ಅವನ ಲೆಕ್ಕ. ಅವನು ಕಳಿಸಿದ ವಿಡಿಯೋದಲ್ಲಿ ಗಾಡಿ ನಿಂತಲ್ಲೇ ಗುಡುಗುತ್ತಿತ್ತು, ಹೊಸದಾಗಿ ಹಳದಿ ಬಣ್ಣ ಬಳಿದಿತ್ತು. ಚೈನಿನ ಕಡೆ ಕ್ಯಾಮೆರಾ ಒಮ್ಮೆಯೂ ತಿರುಗಲಿಲ್ಲ.

ಹಳೇ ಕಾರು ಕೊಳ್ಳುವವರು ಬಾನೆಟ್ ಎತ್ತಿ ನೋಡುತ್ತಾರೆ. ಅದೇ ಅಭ್ಯಾಸದಲ್ಲಿ ಚೈನ್ ಗಾಡಿಯನ್ನು ನೋಡಲು ಹೋದವರು ಮೋಸ ಹೋಗುತ್ತಾರೆ. ಇದರಲ್ಲಿ ಇಂಜಿನ್ ಕೆಟ್ಟಿದ್ದರೂ ಗಾಬರಿಯಿಲ್ಲ. ದುಡ್ಡು ನುಂಗುವುದೆಲ್ಲ ಸೀಟಿನ ಕೆಳಗೆ ಮತ್ತು ಚೈನಿನ ಒಳಗೆ ಇರುತ್ತದೆ.

ನಮ್ಮ ಕಡೆ ಮಾರಾಟಕ್ಕೆ ಬರುವ ಹಳೇ ಡೋಜರ್‌ಗಳಲ್ಲಿ ಬೆಮೆಲ್‌ (ಭಾರತ್ ಅರ್ಥ್ ಮೂವರ್ಸ್) ಕಂಪನಿಯವೇ ಜಾಸ್ತಿ. 1964ರಲ್ಲಿ ಹುಟ್ಟಿದ ಈ ಸಂಸ್ಥೆ ಜಪಾನಿನ ಕೊಮಾತ್ಸು ಕಂಪನಿಯ ಸಹಯೋಗದಲ್ಲಿ ಕೆ.ಜಿ.ಎಫ್.ನಲ್ಲಿ ಡೋಜರ್ ಕಟ್ಟಲು ಶುರುಮಾಡಿತು. ಅಲ್ಲಿನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಡೋಜರ್ ಕಾರ್ಖಾನೆ ಮಾತ್ರ ಉಳಿದುಕೊಂಡಿತು. ಡಿ-50 ಅದರ ಚಿಕ್ಕ ಗಾಡಿ. ಶಕ್ತಿ 100 ಎಚ್.ಪಿ.ಯ ಆಸುಪಾಸು, ತೂಕ 11ರಿಂದ 12 ಟನ್. ನೀರಾವರಿ ಇಲಾಖೆ, ಗಣಿ, ಎಸ್ಟೇಟುಗಳಲ್ಲಿ ದುಡಿದು ಸವೆದು, ಹರಾಜಿನಲ್ಲಿ ಕೈ ಬದಲಾಗಿ, ಕೊನೆಗೆ ಯಾರದೋ ತೋಟದ ಮೂಲೆಯಲ್ಲಿ ಬಂದು ನಿಂತ ಗಾಡಿಗಳು ಇವು.

ಚೈನ್ ಯಾಕೆ ಬೇಕು ಅನ್ನುವುದು ಮೊದಲು ಅರ್ಥವಾಗಬೇಕು. ಅದು ಯಾಕೆ ಸವೆಯುತ್ತದೆ ಅನ್ನುವುದಕ್ಕೆ ಉತ್ತರವೂ ಅಲ್ಲೇ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟಾಕ್ಟನ್ ಎಂಬ ಊರಿನ ಸುತ್ತ ಜವುಳು ನೆಲ. ಅಲ್ಲಿ ಉಳಲು ಹೋದ ಉಗಿ ಟ್ರ್ಯಾಕ್ಟರ್‌ಗಳ ಚಕ್ರ ಹೂತುಹೋಗುತ್ತಿದ್ದವು. ಚಕ್ರವನ್ನು ಅಗಲ ಮಾಡಿ ಮಾಡಿ ಸಾಕಾದ ಬೆಂಜಮಿನ್ ಹೋಲ್ಟ್, ಹಿಂದಿನ ಚಕ್ರಗಳನ್ನೇ ಕಿತ್ತು ಅಲ್ಲಿಗೆ ಮರದ ಹಲಗೆ ಜೋಡಿಸಿದ ಸರಪಳಿ ಕೂರಿಸಿ, 1904ರ ನವೆಂಬರ್ 24ರಂದು ಓಡಿಸಿ ನೋಡಿದ. ಕಂಬಳಿಹುಳು ತೆವಳಿದಂತೆ ಕಂಡಿತಂತೆ. ಕ್ಯಾಟರ್‌ಪಿಲ್ಲರ್ ಅನ್ನುವ ಹೆಸರು ಬಂದದ್ದು ಹಾಗೆ.

ಲೆಕ್ಕ ಸರಳ. ಎರಡು ಚೈನ್, ಒಂದೊಂದೂ ಸುಮಾರು 45 ಸೆಂ.ಮೀ. ಅಗಲ, ನೆಲಕ್ಕೆ ತಾಗುವ ಉದ್ದ 2.2 ಮೀಟರ್ ಎಂದು ಹಿಡಿಯಿರಿ. 11 ಟನ್ ಭಾರ ಅಷ್ಟಗಲಕ್ಕೆ ಹರಡಿದಾಗ ಚದರ ಸೆಂ.ಮೀ.ಗೆ ಬೀಳುವುದು ಅರ್ಧ ಕಿಲೋಗಿಂತ ಚೂರು ಹೆಚ್ಚು. ನಾವು ನಡೆಯುವಾಗ ಒಂಟಿ ಕಾಲಿನ ಮೇಲೆ ಬೀಳುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೇ ಟೈರಿನ ಗಾಡಿ ಹೂತುಕೊಳ್ಳುವ ಕಡೆ ಇದು ಸಲೀಸಾಗಿ ಹೋಗುತ್ತದೆ, ಇಳಿಜಾರಿನಲ್ಲೂ ಹಿಡಿತ ಬಿಡುವುದಿಲ್ಲ. ಅದಕ್ಕೆ ತೆರುವ ಬೆಲೆ ಏನೆಂದರೆ, ಮಣ್ಣು, ಮರಳು, ಕೆಸರಿನ ನಡುವೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಲೇ ಇರುತ್ತದೆ. ಡೋಜರ್ ಒಂದರ ಆಯುಷ್ಯದಲ್ಲಿ ರಿಪೇರಿಗೆ ಹಾಕುವ ದುಡ್ಡಿನಲ್ಲಿ ಅರ್ಧದಷ್ಟು ಕೆಳಗಿನ ಭಾಗಕ್ಕೇ ಹೋಗುತ್ತದೆ ಎಂದು ಈ ಕಸುಬಿನವರು ಹೇಳುವುದು ಸುಮ್ಮನೆ ಅಲ್ಲ.

ಕೆಳಗಿನ ಭಾಗ ಅಂದರೆ ಏನೇನು? ಹಿಂದೆ ಹಲ್ಲಿನ ಚಕ್ರ, ಅದು ಸ್ಪ್ರಾಕೆಟ್. ಚೈನನ್ನು ಎಳೆಯುವುದು ಅದೇ. ಮುಂದೆ ಹಲ್ಲಿಲ್ಲದ ದೊಡ್ಡ ಚಕ್ರ, ಐಡ್ಲರ್. ನಡುವೆ ಗಾಡಿಯ ಭಾರ ಹೊರುವ ಐದಾರು ಕೆಳ ರೋಲರ್, ಮೇಲೆ ಚೈನ್ ಜೋತು ಬೀಳದಂತೆ ಹಿಡಿಯುವ ಒಂದೆರಡು ಮೇಲ್ ರೋಲರ್. ಸುತ್ತಲೂ ಚೈನ್. ಚೈನಿನಲ್ಲಿ ಲಿಂಕು, ಲಿಂಕನ್ನು ಜೋಡಿಸುವ ಪಿನ್ನು, ಪಿನ್ನಿನ ಮೇಲೆ ಕೊಳವೆಯಂಥ ಬುಷ್, ಹೊರಗೆ ಬೋಲ್ಟು ಹಾಕಿದ ಶೂ ಪ್ಲೇಟು.

ಚೈನ್ "ಉದ್ದ ಆಗಿದೆ" ಎಂದು ಮೆಕ್ಯಾನಿಕ್ ಹೇಳಿದರೆ ಲಿಂಕಿನ ಕಬ್ಬಿಣ ಹಿಗ್ಗಿದೆ ಎಂದಲ್ಲ. ಪಿನ್ನು ಒಂದು ಮಗ್ಗುಲಲ್ಲಿ ಸವೆಯುತ್ತದೆ, ಬುಷ್ಷಿನ ಒಳಗೋಡೆಯೂ ಸವೆಯುತ್ತದೆ. ಒಂದೊಂದು ಜೋಡಿಯಲ್ಲಿ ಎರಡು-ಮೂರು ಮಿ.ಮೀ. ಸಡಿಲವಾದರೂ ಸಾಕು, 40ರ ಆಸುಪಾಸು ಲಿಂಕಿನ ಚೈನ್ ಒಟ್ಟಿಗೆ ಹತ್ತು ಸೆಂ.ಮೀ. ಉದ್ದವಾಗುತ್ತದೆ. ಆಗ ಲಿಂಕಿನ ಅಂತರಕ್ಕೂ ಸ್ಪ್ರಾಕೆಟ್ ಹಲ್ಲಿನ ಅಂತರಕ್ಕೂ ಹೊಂದಾಣಿಕೆ ತಪ್ಪಿ, ಬುಷ್ಷು ಹಲ್ಲಿನ ಬುಡದಲ್ಲಿ ಕೂರುವ ಬದಲು ತುದಿಗೆ ಹತ್ತುತ್ತದೆ. ಹಲ್ಲು ಭರ್ಜಿಯ ತುದಿಯಂತೆ ಚೂಪಾಗುತ್ತದೆ. ಸ್ಪ್ರಾಕೆಟ್ ಹಲ್ಲು ಚೂಪಾದ ಗಾಡಿಯಲ್ಲಿ ಚೈನ್ ಸರಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸವೆದ ಸ್ಪ್ರಾಕೆಟ್ಟಿನ ಮೇಲೆ ಹೊಸ ಚೈನ್ ಹಾಕಿ ದುಡ್ಡು ಉಳಿಸಿದೆ ಅಂದುಕೊಳ್ಳುವುದೂ ತಪ್ಪು; ಹಳೇ ಹಲ್ಲು ಹೊಸ ಬುಷ್ಷನ್ನು ಬೇಗ ತಿಂದುಹಾಕುತ್ತದೆ.

ಅಳೆಯಲು ಬೇಕಾಗಿರುವುದು ಟೇಪು ಮತ್ತು ಕಬ್ಬಿಣದ ಬ್ರಷ್ಷು, ಅಷ್ಟೇ. ಚೈನಿನ ಮೇಲ್ಭಾಗದಲ್ಲಿ ಮಣ್ಣು ಕೆರೆದು ತೆಗೆಯಿರಿ. ಸ್ಪ್ರಾಕೆಟ್ ಮತ್ತು ಚೈನಿನ ನಡುವೆ ಮರದ ತುಂಡು ಅಥವಾ ಹಳೇ ಪಿನ್ನು ಕೊಟ್ಟು ಗಾಡಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಮೇಲಿನ ಚೈನ್ ಬಿಗಿಯಾಗಿ ನಿಲ್ಲುತ್ತದೆ. ಗಾಡಿ ಬಂದ್ ಮಾಡಿ, ಮಾಸ್ಟರ್ ಪಿನ್ನಿನ (ಚೈನ್ ಕಳಚಲೆಂದು ಇರುವ ಪಿನ್ನು) ಜಾಗ ಬಿಟ್ಟು, ಒಂದು ಪಿನ್ನಿನ ನಡುಮಧ್ಯದಿಂದ ನಾಲ್ಕು ಲಿಂಕು ದಾಟಿ ಐದನೆಯ ಪಿನ್ನಿನ ನಡುಮಧ್ಯದವರೆಗೆ ಅಳೆಯಿರಿ. ಡಿ-50ರ ಲಿಂಕಿನ ಅಂತರ ಹೊಸದಿದ್ದಾಗ ಸುಮಾರು 175 ಮಿ.ಮೀ.; ನಾಲ್ಕಕ್ಕೆ 700 ಚಿಲ್ಲರೆ. ನಿಮ್ಮ ಟೇಪು 712, 715 ತೋರಿಸಿದರೆ ಲಿಂಕಿಗೆ ಮೂರು ಮಿ.ಮೀ.ನಷ್ಟು ಸವೆದಿದೆ ಎಂದರ್ಥ. ಅಲ್ಲಿಗೆ ಆ ಮಗ್ಗುಲಿನ ಆಯುಷ್ಯ ಮುಗಿದಂತೆಯೇ. ಬೇರೆ ಮಾದರಿಯಾದರೆ ಅದರ ಪುಸ್ತಕದಲ್ಲಿ ಹೊಸದರ ಅಳತೆಯೂ ಕೊನೆಯ ಮಿತಿಯೂ ಇರುತ್ತವೆ, ಎರಡನ್ನೂ ಬರೆದುಕೊಂಡು ಹೋಗಿ.

ಆ ಮಗ್ಗುಲು ಮುಗಿದರೂ ಚೈನ್ ಸತ್ತಿರಬೇಕೆಂದಿಲ್ಲ. ಪಿನ್ನು-ಬುಷ್ಷು ಒಂದೇ ಕಡೆ ಸವೆಯುವುದರಿಂದ, ಚೈನನ್ನು ಕಳಚಿ ಪ್ರೆಸ್ಸಿಗೆ ಹಾಕಿ ಪಿನ್ನು-ಬುಷ್ಷುಗಳನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸವೆಯದ ಮಗ್ಗುಲು ಕೆಲಸಕ್ಕೆ ಬರುತ್ತದೆ. ಪಿನ್-ಬುಷ್ ತಿರುವುವುದು ಎನ್ನುವುದು ಇದನ್ನೇ. ಇದಕ್ಕೆ ಹತ್ತಾರು ಟನ್ ಒತ್ತುವ ಟ್ರ್ಯಾಕ್ ಪ್ರೆಸ್ ಬೇಕು. ಸುತ್ತಿಗೆಯಲ್ಲಿ ಬಡಿದು ಆಗುವ ಕೆಲಸವಲ್ಲ, ಊರಿನ ಲೇತಿನವನಿಂದಲೂ ಆಗದು. ಒಮ್ಮೆ ತಿರುವಿದ ಚೈನನ್ನು ಎರಡನೇ ಸಲ ತಿರುವಿ ಪ್ರಯೋಜನವಿಲ್ಲ. ಆದ್ದರಿಂದ ಮಾರುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಪಿನ್-ಬುಷ್ ಒಂದು ಸಲ ತಿರುವಿಸಿದ್ದೀರಾ? ಬುಷ್ಷಿನ ಎರಡೂ ಮಗ್ಗುಲು ಬೆರಳಾಡಿಸಿ ನೋಡಿದರೆ ಅವರು ಹೇಳದಿದ್ದರೂ ಗೊತ್ತಾಗುತ್ತದೆ.

ಇನ್ನು ಮಾರುವವರ ಕೈಚಳಕ. ಜೋತ ಚೈನ್ ಎದ್ದು ಕಾಣುತ್ತದೆ ಎಂದು ಗಿರಾಕಿ ಬರುವ ಹಿಂದಿನ ದಿನವೇ ಚೈನ್ ಬಿಗಿ ಮಾಡುವ ಅಡ್ಜಸ್ಟರಿಗೆ ಗ್ರೀಸ್ ಹೊಡೆದು ಐಡ್ಲರನ್ನು ಮುಂದೆ ತಳ್ಳಿ ಬಿಗಿ ಮಾಡಿಟ್ಟಿರುತ್ತಾರೆ. ಹಾಗಾಗಿ ಚೈನ್ ಬಿಗಿ ಇದೆಯೋ ಇಲ್ಲವೋ ನೋಡುವುದರಿಂದ ಏನೂ ತಿಳಿಯುವುದಿಲ್ಲ. ಐಡ್ಲರ್ ಫ್ರೇಮಿನಲ್ಲಿ ಎಷ್ಟು ಮುಂದೆ ಬಂದಿದೆ, ಇನ್ನೆಷ್ಟು ಜಾಗ ಉಳಿದಿದೆ ನೋಡಬೇಕು. ಕೊನೆ ಮುಟ್ಟಿದ್ದರೆ ಚೈನ್ ಮುಗಿದಿದೆ. ಅದಕ್ಕೂ ಮೀರಿದ ಒಂದು ಉಪಾಯವಿದೆ: ಉದ್ದವಾದ ಚೈನಿನಿಂದ ಒಂದು ಲಿಂಕನ್ನೇ ತೆಗೆದುಬಿಡುವುದು. ಆಗ ಐಡ್ಲರ್ ಹಿಂದಕ್ಕೆ ಬಂದು ಎಲ್ಲ ಸರಿಯಾಗಿರುವಂತೆ ಕಾಣುತ್ತದೆ. ಎರಡೂ ಕಡೆಯ ಶೂ ಪ್ಲೇಟು ಎಣಿಸಿ, ಆ ಮಾದರಿಗೆ ಎಷ್ಟಿರಬೇಕೋ ಅಷ್ಟಿವೆಯೇ ನೋಡಿ. ಬಣ್ಣ ಹೊಡೆದು ಮುಚ್ಚಲಾಗದ ಸುಳ್ಳು ಇದು.

ನೋಡುವಾಗ ಕುತೂಹಲಕ್ಕೂ ಅಡ್ಜಸ್ಟರಿನ ನಿಪ್ಪಲ್ ಬಿಚ್ಚಬೇಡಿ, ಮುಖ ಅದರೆದುರು ಇಡಬೇಡಿ. ಒಳಗಿನ ಗ್ರೀಸಿನ ಒತ್ತಡ ಚರ್ಮವನ್ನು ತೂತುಮಾಡುವಷ್ಟಿರುತ್ತದೆ. ಐಡ್ಲರಿನ ಹಿಂದಿರುವ ದೊಡ್ಡ ಸ್ಪ್ರಿಂಗನ್ನು ಟನ್ನುಗಟ್ಟಲೆ ಬಲದಲ್ಲಿ ಒತ್ತಿ ಕೂರಿಸಿರುತ್ತಾರೆ. ಅದನ್ನು ಗ್ಯಾಸ್ ಕಟರ್‌ನಲ್ಲಿ ಕತ್ತರಿಸಲು ಹೊರಟವರು ಗುಂಡಿನ ಮುಂದೆ ನಿಂತಹಾಗೆ.

ರೋಲರಿನ ವಿಷಯ ಚಿಕ್ಕದು. ಪಕ್ಕದಲ್ಲಿ ಎಣ್ಣೆ ಸೋರಿ ಮಣ್ಣು ಕಪ್ಪಾಗಿದ್ದರೆ ಸೀಲು ಹೋಗಿದೆ. ಗಾಡಿ ಓಡುವಾಗ ತಿರುಗದೆ ನಿಂತ ರೋಲರ್ ಇದ್ದರೆ ಅದರ ಒಂದು ಮಗ್ಗುಲು ಚಪ್ಪಟೆಯಾಗಿರುತ್ತದೆ. ಒಂದೆರಡಾದರೆ ಬದಲಿಸಬಹುದು, ಎಲ್ಲವೂ ಹೀಗಿದ್ದರೆ ಗಾಡಿಗೆ ವರ್ಷಗಟ್ಟಲೆ ಯಾರೂ ಕೈ ಹಾಕಿಲ್ಲ.

ಈಗ ತಿರುಗುವ ಮಾತು. ಚೈನ್ ಗಾಡಿಗೆ ಸ್ಟೇರಿಂಗ್ ಚಕ್ರವಿಲ್ಲ. ಎಡಕ್ಕೆ ಹೋಗಬೇಕಾದರೆ ಎಡ ಚೈನಿಗೆ ಹೋಗುವ ಶಕ್ತಿಯನ್ನು ಕಡಿದು ಅದನ್ನು ಬ್ರೇಕಿನಲ್ಲಿ ನಿಲ್ಲಿಸಬೇಕು. ಬಲ ಚೈನ್ ಗಾಡಿಯನ್ನು ತಿರುಗಿಸುತ್ತದೆ. ಅದಕ್ಕಾಗಿ ಒಂದೊಂದು ಕಡೆಗೆ ಒಂದೊಂದು ಸ್ಟೇರಿಂಗ್ ಕ್ಲಚ್ಚು, ಒಂದೊಂದು ಬ್ರೇಕು. ಹಳೆಯ ಎಷ್ಟೋ ಮಾದರಿಗಳಲ್ಲಿ ಈ ಕ್ಲಚ್ಚು ಒಣ ಪ್ಲೇಟಿನದು, ಕೆಲವದರಲ್ಲಿ ಎಣ್ಣೆಯಲ್ಲಿ ಮುಳುಗಿದ್ದು.

ಒಣ ಕ್ಲಚ್ಚಿಗೂ ಮಲೆನಾಡಿನ ಮಳೆಗೂ ಆಗಿಬರುವುದಿಲ್ಲ. ನಮ್ಮ ಚಿಕ್ಕಪ್ಪ ಎಸ್ಟೇಟೊಂದರಿಂದ ಒಂದು ಹಳೇ ಚೈನ್ ಟ್ರ್ಯಾಕ್ಟರ್ ತಂದಿದ್ದರು. ಬೇಸಿಗೆಯಿಡೀ ಚೆನ್ನಾಗಿ ಓಡಿತು. ಜೂನಿನಲ್ಲಿ ಹಲಸಿನ ಮರದ ಕೆಳಗೆ ನಿಲ್ಲಿಸಿ, ಸೀಟಿನ ಮೇಲೆ ಒಂದು ಹರಕು ತಾಡಪಾಲು ಎಳೆದರು. ದೀಪಾವಳಿ ಕಳೆದು ಸ್ಟಾರ್ಟ್ ಮಾಡಿದರೆ ಇಂಜಿನ್ ಮೊದಲ ಹೊಡೆತಕ್ಕೇ ಎದ್ದಿತು. ಗೇರ್ ಹಾಕಿ ಬಲ ಲಿವರ್ ಎಳೆದರು, ಗಾಡಿ ನೆಟ್ಟಗೆ ಹೋಯಿತು. ಎಡ ಲಿವರ್ ಎಳೆದರು, ಆಗಲೂ ನೆಟ್ಟಗೇ ಹೋಯಿತು. ಕೊಟ್ಟಿಗೆಯ ಮೂಲೆಗೋಡೆ ಉರುಳಿದ ಮೇಲೆ ಇಂಜಿನ್ ಬಂದ್ ಮಾಡುವುದು ನೆನಪಾಯಿತು. ಸೀಟಿನ ಕೆಳಗಿನ ಸಂದಿಯಿಂದ ನಾಲ್ಕು ತಿಂಗಳು ನೀರಿಳಿದು, ಪ್ಲೇಟುಗಳು ತುಕ್ಕಿನಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅದನ್ನು ಬಿಡಿಸಲು ಸೀಟು ತೆಗೆದು, ಹಿಂದಿನ ಡೀಸೆಲ್ ಟ್ಯಾಂಕ್ ಇಳಿಸಿ, ಕ್ಲಚ್ ಪೆಟ್ಟಿಗೆ ಬಿಚ್ಚಿ ಚೈನ್ ಬ್ಲಾಕಿನಲ್ಲಿ ಎತ್ತಬೇಕಾಯಿತು. ಮೆಕ್ಯಾನಿಕ್ ಹನ್ನೊಂದು ದಿನ ನಮ್ಮನೆಯಲ್ಲೇ ಊಟ ಮಾಡಿದ. ಪ್ಲೇಟುಗಳು ಬರಲು ಇನ್ನೆರಡು ತಿಂಗಳು ಹಿಡಿಯಿತು.

ಹಾಗಾಗಿ ನೋಡಲು ಹೋದಾಗ ನಿಂತಲ್ಲಿ ಇಂಜಿನ್ ಗುಡುಗಿಸಿ ತೋರಿಸಿದರೆ ಸಾಲದು. ಒಂದನೇ ಗೇರಿನಲ್ಲಿ ಬಯಲಿಗೆ ತಂದು ಎರಡೂ ಕಡೆ ಪೂರ್ತಿ ಸುತ್ತು ತಿರುಗಿಸಲು ಹೇಳಿ. ಲಿವರ್ ಎಳೆದರೂ ತಿರುಗದಿದ್ದರೆ ಕ್ಲಚ್ ಅಂಟಿದೆ. ಖಾಲಿ ಓಡುವಾಗ ಸರಿಯಿದ್ದು, ಬ್ಲೇಡಿನ ತುಂಬ ಮಣ್ಣು ತಳ್ಳುವಾಗ ಒಂದು ಚೈನ್ ನಿಂತು ಗಾಡಿ ಆ ಕಡೆ ವಾಲಿದರೆ, ಅಲ್ಲಿನ ಪ್ಲೇಟು ಸವೆದು ಅಥವಾ ಎಣ್ಣೆ ಕುಡಿದು ಜಾರುತ್ತಿದೆ. ಮಣ್ಣು ತಳ್ಳಿಸಿ ನೋಡದೆ ಇದು ಗೊತ್ತಾಗುವುದೇ ಇಲ್ಲ. "ಈಗ ತಳ್ಳೋಕೆ ಮಣ್ಣಿಲ್ಲ ಸಾರ್" ಅಂದರೆ ಮಣ್ಣಿರುವ ದಿನ ಬರುತ್ತೇನೆ ಎಂದು ಹೇಳಿ ಬನ್ನಿ.

ಅರ್ಧ ಗಂಟೆ ಹೀಗೆ ದುಡಿಸಿ ನಿಲ್ಲಿಸಿದ ಮೇಲೆ ಎರಡೂ ಸ್ಪ್ರಾಕೆಟ್ಟಿನ ಒಳಬದಿಗೆ, ಅಂದರೆ ಸ್ಪ್ರಾಕೆಟ್ ತಿರುಗಿಸುವ ಕೊನೆಯ ಗೇರುಗಳಿರುವ ಫೈನಲ್ ಡ್ರೈವಿನ ಕವಚಕ್ಕೆ, ಕೈ ಹತ್ತಿರ ಒಯ್ದು ನೋಡಿ. ಎರಡೂ ಒಂದೇ ಸಮ ಬೆಚ್ಚಗಿರಬೇಕು. ಒಂದು ಮಾತ್ರ ಸುಡುತ್ತಿದ್ದರೆ ಒಳಗೆ ಎಣ್ಣೆ ಇಲ್ಲ ಅಥವಾ ಬೇರಿಂಗ್ ಹೋಗಿದೆ. ಸಾಧ್ಯವಾದರೆ ಡ್ರೈನ್ ಪ್ಲಗ್ ಬಿಚ್ಚಿ ಲೋಟದಷ್ಟು ಎಣ್ಣೆ ಬಿಳಿ ಬಟ್ಟೆಯ ಮೇಲೆ ಹಿಡಿಯಿರಿ. ಕಣ್ಣಿಗೆ ಹೊಳೆಯುವ ನುಣುಪು ಪುಡಿ ಹಳೇ ಗಾಡಿಯಲ್ಲಿ ಇದ್ದದ್ದೇ. ಚೂರು ಸಿಕ್ಕಿದರೆ ಗೇರಿನ ಹಲ್ಲು ಮುರಿದಿದೆ. ಎಣ್ಣೆಯ ಬದಲು ಮೊದಲು ನೀರು ಬಂದರೆ ಸೀಲು ಹೋಗಿ ಬಹಳ ಕಾಲವಾಗಿದೆ.

ಇಂಜಿನ್ನಿನ ಬಗ್ಗೆ ನಾಲ್ಕು ಮಾತು ಸಾಕು. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದಾರಾ ಎಂದು ಬ್ಲಾಕನ್ನು ಮುಟ್ಟಿ ನೋಡಿ; ತಣ್ಣಗಿದ್ದಾಗ ಏಳಬೇಕು. ಓಡುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಹೊಗೆ ನುಗ್ಗಿ ಬರುತ್ತಿದೆಯೇ? ಅದೇ ಬ್ಯಾಕ್ ಕಂಪ್ರೆಷನ್, ರಿಂಗು-ಲೈನರ್ ಸವೆದಿವೆ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ, ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆತ ಬಣ್ಣವಿದ್ದರೆ, ಹೆಡ್ಡೋ ಲೈನರೋ ಸೀಳಿದೆ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ, ಇದನ್ನು ತಣ್ಣಗಿರುವಾಗಲೇ ನೋಡಬೇಕು. ಇಷ್ಟೆಲ್ಲ ಕೆಟ್ಟಿದ್ದರೂ ಒಂದು ಸಮಾಧಾನವಿದೆ. ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟಬಲ್ಲವರು ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾರೆ, ಖರ್ಚು ಎಷ್ಟು ಎಂದು ಮೊದಲೇ ಹೇಳುತ್ತಾರೆ, ಅದನ್ನು ಬೆಲೆಯಲ್ಲಿ ಕಳೆದು ಕೇಳಬಹುದು. ಸ್ಟೇರಿಂಗ್ ಕ್ಲಚ್ಚಿಗೆ ಅಂಥ ಅಂದಾಜು ಹೇಳುವವರು ಸಿಗುವುದಿಲ್ಲ, ಬಿಚ್ಚಿದ ಮೇಲೆಯೇ ಗೊತ್ತಾಗುವುದು. ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಗಂಟೆ ಮೀಟರನ್ನಂತೂ ನಾನು ನೋಡುವುದೇ ಇಲ್ಲ. ಪೆಡಲಿನ ರಬ್ಬರು, ಲಿವರಿನ ಹಿಡಿ, ಬ್ಲೇಡಿನ ತೋಳು ಕೂರುವ ಜಾಗದ ಸವೆತ, ಇವು ಮೀಟರಿಗಿಂತ ನಿಜ ಹೇಳುತ್ತವೆ.

ಕಾಗದಪತ್ರದಲ್ಲಿ ಒಂದು ವಿಚಿತ್ರವಿದೆ. ಮೋಟಾರು ವಾಹನ ನಿಯಮಗಳಲ್ಲಿ ನಿರ್ಮಾಣ ಯಂತ್ರ ವಾಹನಕ್ಕೆ ಕೊಟ್ಟ ವ್ಯಾಖ್ಯೆ ರಬ್ಬರ್ ಟೈರಿನ, ರಬ್ಬರ್ ಪ್ಯಾಡಿನ ಅಥವಾ ಉಕ್ಕಿನ ಡ್ರಮ್ ಚಕ್ರದ ಗಾಡಿಗಳ ಮಾತಾಡುತ್ತದೆ. ಕಬ್ಬಿಣದ ಚೈನಿನ ಡೋಜರಿನ ಹೆಸರು ಅದರಲ್ಲಿಲ್ಲ. ಜೆಸಿಬಿಗೆ ಇರುವಂತೆ ಆರ್.ಸಿ. ತೋರಿಸಿ ಎಂದು ಕೇಳಿದರೆ ತೋರಿಸಲು ಇರುವುದಿಲ್ಲ. ಮಾಲೀಕತ್ವ ನಿಂತಿರುವುದು ಬಿಲ್ಲಿನ ಮೇಲೆ: ಮೊದಲ ಇನ್‌ವಾಯ್ಸು, ಆಮೇಲಿನ ಮಾರಾಟ ಪತ್ರಗಳು. ಸರ್ಕಾರಿ ಗಾಡಿಯಾಗಿದ್ದರೆ ಹರಾಜಿನ ಡೆಲಿವರಿ ಆರ್ಡರು ಇರಬೇಕು. ಚಾಸಿಸ್ ನಂಬರು, ಇಂಜಿನ್ ನಂಬರು ಕಾಗದಕ್ಕೆ ತಾಳೆಯಾಗಬೇಕು. ಸಾಲದ ಮೇಲೆ ಕೊಂಡ ಗಾಡಿಯಾದರೆ ಬ್ಯಾಂಕಿನ ಬಾಕಿ ಇಲ್ಲ ಎಂಬ ಪತ್ರ ಕೇಳಿ. ಸರ್ಕಾರಿ ಸಂಸ್ಥೆ ಎಂ.ಎಸ್.ಟಿ.ಸಿ. ನಡೆಸುವಂಥ ಆನ್‌ಲೈನ್ ಹರಾಜಿನಲ್ಲಿ ನೀವೇ ನೇರವಾಗಿ ಕೂಗುವುದಾದರೆ, ಗಾಡಿ ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ ಎಂಬ ಷರತ್ತನ್ನು ಅಕ್ಷರಶಃ ತಿಳಿಯಿರಿ. ಗಾಡಿ ಹೊಂಡದಲ್ಲಿ ಕೂತಿದ್ದರೆ ಹೊಂಡದಿಂದ ಎತ್ತುವುದೂ ನಿಮ್ಮದೇ.

ಕೊನೆಗೆ ದುಡ್ಡಿನ ಲೆಕ್ಕ. ಇದಕ್ಕೆ ನಾನು ಗುಜರಿ ಬೆಲೆಯಿಂದ ಶುರುಮಾಡುತ್ತೇನೆ. ಗುಜರಿಯವನು ಕಿಲೋಗೆ 30 ರೂಪಾಯಿ ಕೊಡುತ್ತಾನೆ ಎಂದು ಇಟ್ಟುಕೊಂಡರೆ, 11 ಟನ್ನಿಗೆ 3.3 ಲಕ್ಷ. ಗಾಡಿ ಪೂರ್ತಿ ಸತ್ತರೂ ಇಷ್ಟು ಕೈಗೆ ಬರುತ್ತದೆ. ಆರು ಲಕ್ಷದ ಗಾಡಿಗೆ ಚೈನು, ಸ್ಪ್ರಾಕೆಟ್, ಕ್ಲಚ್ಚು, ಚಿಲ್ಲರೆ ಎಲ್ಲ ಸೇರಿ ಐದು ಲಕ್ಷ ಹಾಕಿದೆವು ಎಂದುಕೊಳ್ಳಿ. ಒಟ್ಟು 11 ಲಕ್ಷ. ಗುಜರಿ ಬೆಲೆ ಕಳೆದರೆ, ಮುಳುಗಬಹುದಾದ ದುಡ್ಡು 7.7 ಲಕ್ಷ. ಹೊಸ ಚೈನ್ ಹಾಕಿದ್ದಕ್ಕೆ ಗುಜರಿಯವನು ಒಂದು ಪೈಸೆ ಹೆಚ್ಚು ಕೊಡುವುದಿಲ್ಲ.

ಆ 7.7 ಲಕ್ಷವನ್ನು ಗಾಡಿ ದುಡಿಯುವ ಗಂಟೆಗಳಿಗೆ ಹಂಚಿ ನೋಡಿ. ವರ್ಷಕ್ಕೆ 500 ಗಂಟೆಯಂತೆ ನಾಲ್ಕು ವರ್ಷ ದುಡಿದರೆ ಗಂಟೆಗೆ 385 ರೂಪಾಯಿ. ವರ್ಷಕ್ಕೆ 100 ಗಂಟೆ ಮಾತ್ರ ಕೆಲಸವಿದ್ದರೆ ಗಂಟೆಗೆ 1,925. ಇದರ ಮೇಲೆ ಡೀಸೆಲ್: 100 ಎಚ್.ಪಿ. ಇಂಜಿನ್ ಮಣ್ಣು ತಳ್ಳುವಾಗ ಸರಾಸರಿ ಗಂಟೆಗೆ 12 ಲೀಟರಿನಷ್ಟು ಕುಡಿಯುತ್ತದೆ, ಲೀಟರಿಗೆ 90 ಹಿಡಿದರೆ 1,080 ರೂಪಾಯಿ. ಆಪರೇಟರ್ ಸಂಬಳ, ಆಯಿಲ್, ಗ್ರೀಸು, ಬ್ಲೇಡಿನ ತುದಿಪಟ್ಟಿ ಬೇರೆ. ಈ ಮೊತ್ತವನ್ನು ನಿಮ್ಮೂರಿನ ಬಾಡಿಗೆ ದರದ ಪಕ್ಕ ಇಡಿ.

ಲೆಕ್ಕದಲ್ಲಿ ಎಲ್ಲರೂ ಮರೆಯುವುದು ಲೋಬೆಡ್, ಅಂದರೆ ಇಂಥ ಗಾಡಿಗಳನ್ನು ಹೊತ್ತೊಯ್ಯುವ ತಗ್ಗು ಟ್ರೇಲರ್. ಚೈನ್ ಗಾಡಿಯನ್ನು ಡಾಂಬರು ರಸ್ತೆಯ ಮೇಲೆ ನಡೆಸುವಂತಿಲ್ಲ. ರಸ್ತೆಯೂ ಹಾಳು, ಚೈನೂ ಹಾಳು. ಪಕ್ಕದೂರಿನ ಐದು ಗಂಟೆ ಕೆಲಸಕ್ಕೂ ಲೋಬೆಡ್ ಬರಬೇಕು, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಚಿಕ್ಕ ಚಿಕ್ಕ ಬಾಡಿಗೆ ಕೆಲಸ ಡೋಜರಿಗೆ ಗಿಟ್ಟದಿರುವುದು ಇದರಿಂದಲೇ. ಅಲ್ಲದೆ ನಮ್ಮೂರಿನವರು ಯಾವ ಕಂಪನಿಯದಾದರೂ "ಹಿಟಾಚಿ" ಎಂದೇ ಕರೆಯುವ ಎಕ್ಸ್‌ಕವೇಟರ್‌ಗಳು ಇಳಿಜಾರಿನ ಪಟ್ಟೆ ಕಡಿಯುವ ಕೆಲಸವನ್ನು ಬಹುಮಟ್ಟಿಗೆ ಕಿತ್ತುಕೊಂಡಿವೆ. ಅಗೆಯುತ್ತವೆ, ತಿರುಗಿ ಪಕ್ಕಕ್ಕೆ ಹಾಕುತ್ತವೆ, ಬುಡ ಕೀಳುತ್ತವೆ. ಡೋಜರ್ ಇಂದಿಗೂ ಗೆಲ್ಲುವುದು ಅಗಲವಾದ ಜಾಗವನ್ನು ಮಟ್ಟ ಮಾಡುವಲ್ಲಿ, ಐವತ್ತು-ಅರವತ್ತು ಮೀಟರ್ ದೂರದವರೆಗೆ ಮಣ್ಣನ್ನು ತಳ್ಳಿ ಸಾಗಿಸುವಲ್ಲಿ. ಬಯಲುಸೀಮೆಯಲ್ಲಿ ಎರೆಹೊಲ ಮಟ್ಟ ಮಾಡಿಸುವವರು, ಒಡ್ಡು ಹಾಕಿಸುವವರು, ಕರಿಕೆ ಹುಲ್ಲು ಕೀಳಲು ಆಳವಾಗಿ ಉಳಿಸುವವರು ಸುತ್ತ ಸಾಕಷ್ಟಿದ್ದರೆ ಒಂದು ಡಿ-50ಕ್ಕೆ ಕೆಲಸ ಸಿಗಬಹುದು. ಎಂಟು ಎಕರೆ ಗುಡ್ಡಕ್ಕೆ ಅದು ಬಾಡಿಗೆಗೆ ತರಿಸುವ ಗಾಡಿ, ಕೊಳ್ಳುವ ಗಾಡಿಯಲ್ಲ.

ಬಿಡಿಭಾಗದ ವಿಷಯದಲ್ಲಿ ಬೆಮೆಲ್‌ ಗಾಡಿಗೆ ಒಂದು ಅನುಕೂಲವಿದೆ: ದೇಶದ ತುಂಬ ಇರುವುದರಿಂದ ಚೈನು, ರೋಲರ್, ಲೈನರ್ ಎಲ್ಲಾದರೂ ಸಿಗುತ್ತವೆ. ಬೇರಿಂಗು, ಹೈಡ್ರಾಲಿಕ್ ಹೋಸು, ಫಿಲ್ಟರುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆ ಸುತ್ತಿದರೆ ಆಯಿತು. ಬೇರಿಂಗಿನ ಮೇಲೆ ಕೊರೆದ ನಂಬರು ಒಯ್ದರೆ ಗಾಡಿ ಯಾವುದು ಎಂದು ಯಾರೂ ಕೇಳುವುದೂ ಇಲ್ಲ. ಹೆಸರೇ ಕೇಳಿರದ ವಿದೇಶಿ ಗಾಡಿ ಅರ್ಧ ಬೆಲೆಗೆ ಬಂದರೆ ಯಾಕೆ ಅರ್ಧ ಬೆಲೆ ಎಂದು ಯೋಚಿಸಿ. ಒಂದು ಸೀಲಿಗಾಗಿ ಆರು ತಿಂಗಳು ನಿಂತ ಗಾಡಿಗಳನ್ನು ನಾನು ಕಂಡಿದ್ದೇನೆ, ಅದರ ಮೇಲೆ ಮೆಣಸಿನ ಬಳ್ಳಿ ಹಬ್ಬಿದ್ದನ್ನೂ ಕಂಡಿದ್ದೇನೆ.

ಇದನ್ನೆಲ್ಲ ಸೋದರಳಿಯನಿಗೆ ಫೋನಿನಲ್ಲಿ ಹೇಳಿದೆ. ಹೂಂ, ಹೂಂ ಎಂದ. ಟೇಪು, ಬ್ರಷ್ಷು ತಗೊಂಡು ಮತ್ತೆ ಹೋಗಿಬಂದನಂತೆ. ರಾತ್ರಿ ಮೆಸೇಜು ಬಂತು: "ಬಲಗಡೆ ನಾಲ್ಕು ಲಿಂಕಿಗೆ 713. ಎಡಗಡೆ 714. ಪ್ಲೇಟು ಎಣಿಸಿದೆ ಮಾವ, ಎಡಗಡೆ ಒಂದು ಕಮ್ಮಿ ಇದೆ. ಕೇಳಿದ್ದಕ್ಕೆ ನಾಲ್ಕೂವರೆಗೆ ಇಳಿದಿದ್ದಾರೆ."

ಲೋಬೆಡ್ಡಿನವರಿಗೆ ಅವನು ಇನ್ನೂ ಹೇಳಿಲ್ಲ. ನಾಳೆ ಮಣ್ಣು ತಳ್ಳಿಸಿ ನೋಡುತ್ತಾನಂತೆ.